ಆ ಅಪ್ರಿಲಿಯಾ ತಗೊಳ್ಳೋ ಮುಂಚೆ

ಪ್ರೀತಿಯ ಗೆಳೆಯಾ,

ಇಟಲಿಯ ಟ್ಯುರಿನ್‌ನಲ್ಲಿ ಅಪ್ರಿಲಿಯಾ ಮೋಟೋ 6.5 ಬೈಕ್ ಮಾರಾಟಕ್ಕಿದೆ, ತಗೊಳ್ಳಲಾ ಅಂತ ಕೇಳಿದ್ದೀಯ. ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂತ ಉತ್ತರ ಇಲ್ಲೇ ಬರೀತಿದ್ದೀನಿ.

1995ರಲ್ಲಿ ಬಂದು ಕೆಲವೇ ವರ್ಷಕ್ಕೆ ನಿಂತುಹೋದ ಗಾಡಿ ಅದು. ರೂಪ ಕೊಟ್ಟವರು ಫ್ರಾನ್ಸಿನ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್. ಒಳಗಿರೋದು ಅಪ್ರಿಲಿಯಾದ್ದೇ ಇನ್ನೊಂದು ಬೈಕ್ ಪೆಗಾಸೊ 650ರದ್ದು, ರೋಟ್ಯಾಕ್ಸ್ ಕಂಪನಿಯ ಎಂಜಿನ್: 649 ಸಿಸಿ, ಒಂದೇ ಸಿಲಿಂಡರ್, ಐದು ವಾಲ್ವ್. ಇದು ನಿನ್ನ ಪುಣ್ಯ, ಎಂಜಿನ್ ಭಾಗಗಳನ್ನ ಪೆಗಾಸೊ ಹೆಸರಲ್ಲೂ ಹುಡುಕಬಹುದು. ಬಿಎಂಡಬ್ಲ್ಯು ಎಫ್650 ಕೂಡ ಇಟಲಿಯ ನೊಆಲೆ ಊರಿನ ಅದೇ ಅಪ್ರಿಲಿಯಾದಲ್ಲಿ ಜೋಡಣೆಯಾಗಿದ್ದೇ, ಆದರೆ ಅದು ನಾಲ್ಕು ವಾಲ್ವಿನದು. ವಾಲ್ವು, ಸಿಲಿಂಡರ್ ಹೆಡ್ಡು ಅಂತ ಅದರದ್ದು ತರಬೇಡ.

ನೋಡೋಕೆ ಹೋದಾಗ ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿಡು. ಸೆಲ್ಫ್ ಒತ್ತಿದಾಗ ಕಚ್ಚಿಕೊಳ್ಳದೆ ಒಳಗೆ ಗರಗರ ಅಂತ ಜಾರಿದರೆ ಸ್ಪ್ರ್ಯಾಗ್ ಕ್ಲಚ್, ಅಂದ್ರೆ ಸ್ಟಾರ್ಟರ್ ಮೋಟರನ್ನ ಎಂಜಿನ್ನಿಗೆ ಒಂದೇ ದಿಕ್ಕಲ್ಲಿ ಕಚ್ಚಿಸುವ ಭಾಗ, ಸವೆದಿದೆ. ಬ್ಯಾಟರಿ ಸೊರಗಿದಾಗ ಅಷ್ಟು ದೊಡ್ಡ ಪಿಸ್ಟನ್ ಕಂಪ್ರೆಷನ್ ದಾಟಲಾರದೆ ಹಿಂದಕ್ಕೆ ಒದೆಯುತ್ತೆ, ಪೆಟ್ಟು ಬೀಳೋದು ಈ ಕ್ಲಚ್ಚಿಗೆ. ಮ್ಯಾಗ್ನೆಟ್ ಬಿಚ್ಚದೆ ರಿಪೇರಿ ಇಲ್ಲ, ಆ ಖರ್ಚನ್ನ ಬೆಲೆಯಲ್ಲಿ ಕಳಿ.

ಆಯಿಲ್ ಲೆವೆಲ್ ಮಾತ್ರ ತಣ್ಣಗಿದ್ದಾಗ ನಂಬಬೇಡ. ಇದು ಡ್ರೈ ಸಂಪ್ ಎಂಜಿನ್, ಅಂದ್ರೆ ಆಯಿಲ್ ಇರೋದು ಬೇರೆ ಟ್ಯಾಂಕಲ್ಲಿ. ನಿಂತಲ್ಲೇ ಇದ್ದರೆ ಆಯಿಲ್ ಟ್ಯಾಂಕಿಂದ ಮೆಲ್ಲಗೆ ಎಂಜಿನ್ನಿಗೆ ಇಳಿದು ಕಮ್ಮಿ ಇದ್ದಂಗೆ ತೋರಿಸುತ್ತೆ. ಜನ ಅದನ್ನ ನೋಡಿ ಇನ್ನಷ್ಟು ಸುರೀತಾರೆ. ಹೆಚ್ಚಾದದ್ದು ಬ್ರೀದರ್ ಪೈಪಲ್ಲಿ ಏರಿ ಏರ್ ಫಿಲ್ಟರನ್ನ ತೋಯಿಸುತ್ತೆ. ಒಂದು ಸುತ್ತು ಓಡಿಸಿ, ಬಿಸಿಯಾದ ಮೇಲೆ ಗಾಡಿ ನೆಟ್ಟಗೆ ಹಿಡಿದು ನೋಡು.

ವಾಟರ್ ಪಂಪ್ ಕೆಳಗೆ ಬೆರಳಾಡಿಸು. ಕೂಲಂಟ್ ಅಂಟಿದರೆ ಸೀಲ್ ಹೋಗಿದೆ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಬಾಳಲ್ಲ, ಶಾಫ್ಟನ್ನೂ ಬದಲಿಸು. ಕಾರ್ಬ್ಯುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರ್ ಬಿರಿದಿದ್ದರೆ ಐಡಲ್ ಏರಿಳಿಯುತ್ತೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೀರುಗಳು ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ್ದರೆ ಅದರ ಮೇಲೆ ಓಡಿಸಬೇಡ.

ಇಷ್ಟು ಬರೆಯುವಾಗಲೇ ಒಂದು ವಿಷಯ ಚುಚ್ಚುತ್ತಿದೆ. ಈ ರೋಗಗಳಲ್ಲಿ ಅರ್ಧಕ್ಕರ್ಧ ಓಡಿಸದೇ ನಿಲ್ಲಿಸಿದ್ದಕ್ಕೆ ಬಂದವು. ಪೆಟ್ರೋಲ್ ಆರಿ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟುತ್ತೆ, ರಬ್ಬರ್ ಒಣಗುತ್ತೆ, ಬ್ಯಾಟರಿ ಸಾಯುತ್ತೆ. ಅದರ ಅಂದವನ್ನ ಹೊಗಳಿ ಹೊಗಳಿ ನಾವೇ ಅದನ್ನ ಮನೆಯ ಹಾಲ್‌ನ ಮೂಲೆಗೆ ತಳ್ಳಿದ್ದೀವಿ ಅನ್ನಿಸುತ್ತೆ. ನೇರವಾಗಿ ಹೇಳ್ತೀನಿ, ಬೇಜಾರಾಗಬೇಡ: ನೀನೂ ಅದನ್ನ ನಿಲ್ಲಿಸಿಡೋದಾದರೆ ಅದು ನಿನ್ನ ಕೈಗೆ ಬರೋದು ನನಗಿಷ್ಟವಿಲ್ಲ. ನಿನಗಿಂತ ಗಾಡಿಯ ಪರ ನಿಂತಂಗಾಯ್ತು, ಆದರೂ ಮಾತು ನಿಜ.

ಸರಿ, ಉಪದೇಶ ಸಾಕು. ನೋಡೋಕೆ ಹೋಗುವಾಗ ವೋಲ್ಟ್ ಅಳೆಯೋ ಮಲ್ಟಿಮೀಟರ್ ಜೇಬಲ್ಲಿರಲಿ ಮಾರಾಯ. 4,000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ ಸುಮಾರು 14 ವೋಲ್ಟ್ ಬರಬೇಕು. 13 ದಾಟದಿದ್ದರೆ ಚಾರ್ಜಿಂಗ್ ಹದ್ದಿನಲ್ಲಿಡೋ ರೆಗ್ಯುಲೇಟರನ್ನೂ ಅದರ ಕನೆಕ್ಟರನ್ನೂ ನೋಡು, ಕನೆಕ್ಟರ್ ಕಂದು ಬಣ್ಣಕ್ಕೆ ಸುಟ್ಟಿದ್ದರೆ ಫೋಟೋ ತೆಗೆದು ಕಳಿಸು. ದುಡ್ಡು ಕೊಡೋ ಮುಂಚೆ.

ನಿನ್ನವ