ಹಿತ್ತಾಳೆ ಎಂದು ಹಣ ಪಡೆದು ಕಬ್ಬಿಣದ ಟ್ರ್ಯಾಪ್ ಜೋಡಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಬೆಂಗಳೂರು

ಮಾನ್ಯರೇ,

ನೀವು ನಮ್ಮ ಅಡುಗೆಮನೆಗೆ ಮಾಡಿಕೊಟ್ಟ ಮಾಡ್ಯುಲರ್ ಕಪಾಟುಗಳಲ್ಲಿ ಸಿಂಕ್ ಕೆಳಗಿನದು ವರ್ಷ ತುಂಬುವ ಮೊದಲೇ ಹಾಳಾಗಿದೆ. ತಳದ ಪ್ಲೈವುಡ್ ಉಬ್ಬಿ ಪದರ ಬಿಟ್ಟಿದೆ, ಬಾಗಿಲು ಮುಚ್ಚುತ್ತಿಲ್ಲ. ನೀವು ಜೋಡಿಸಿದ ಬಾಟಲ್ ಟ್ರ್ಯಾಪ್ (ಸಿಂಕ್‌ನ ನೀರು ಹೊರಹೋಗುವ ದಾರಿಯಲ್ಲಿ ಸ್ವಲ್ಪ ನೀರನ್ನು ನಿಲ್ಲಿಸಿ ಚರಂಡಿಯ ಗಾಳಿ ತಡೆಯುವ, ಬಾಟಲಿಯಾಕಾರದ ಭಾಗ) ಸೋರಿದ್ದೇ ಇದಕ್ಕೆ ಕಾರಣ.

ಬಿಲ್ಲಿನಲ್ಲಿ ‘ಹಿತ್ತಾಳೆ, ಕ್ರೋಮ್ ಲೇಪಿತ’ ಎಂದು ಬರೆದು ಹಿತ್ತಾಳೆಯ ಬೆಲೆಯನ್ನೇ ಪಡೆದಿದ್ದೀರಿ. ಆದರೆ ನಟ್‌ನ ಸುತ್ತ ಲೇಪ ಎದ್ದು, ಅದರಡಿ ಕೆಂಪು ತುಕ್ಕು ಪುಡಿಪುಡಿಯಾಗಿ ಉದುರುತ್ತಿದೆ. ಫ್ರಿಜ್ ಮೇಲಿದ್ದ ಅಯಸ್ಕಾಂತವನ್ನು ತಂದು ಹಿಡಿದರೆ ಕೊಳವೆಗೆ ಗಟ್ಟಿಯಾಗಿ ಅಂಟಿಕೊಂಡಿತು. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಹಿತ್ತಾಳೆ ಕಿಲುಬು ಹಿಡಿಯುತ್ತದೆಯೇ ಹೊರತು ಕೆಂಪು ತುಕ್ಕು ಹಿಡಿಯುವುದಿಲ್ಲ. ದೇವರ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಯಾರಿಗೂ ಇದು ಗೊತ್ತು.

ನೋಡಲು ಬಂದ ನಿಮ್ಮ ತಂತ್ರಜ್ಞರು ಮತ್ತೊಂದು ಲೋಹದ ಟ್ರ್ಯಾಪ್ ಹಾಕುವುದಾಗಿಯೂ, ಪ್ಲಾಸ್ಟಿಕ್ ಆದರೆ ಗಂಜಿ ಬಸಿದ ಬಿಸಿಗೆ ಕರಗುವುದಾಗಿಯೂ ಹೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಪಿವಿಸಿ 60 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಬಹುಕಾಲ ತಾಳುವುದಿಲ್ಲ, ನಿಜ. ಆದರೆ ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್‌ನ ಟ್ರ್ಯಾಪ್ ಕುದಿನೀರನ್ನೂ ತಾಳುತ್ತದೆ, ಅದಕ್ಕೆ ತುಕ್ಕಿನ ಭಯವಿಲ್ಲ, ಕಸ ಕಟ್ಟಿಕೊಂಡರೆ ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಿ ತೊಳೆಯಬಹುದು. ಕೈತೊಳೆಯುವ ಬೇಸಿನ್‌ನ ಕೆಳಗೆ, ಬಂದವರ ಕಣ್ಣಿಗೆ ಬೀಳುವ ಕಡೆ, ಒಳ್ಳೆಯ ಹಿತ್ತಾಳೆಯದ್ದು ಇರಲಿ. ಉಪ್ಪು, ಹುಳಿ, ಸೋಪಿನ ನೀರು ದಿನವಿಡೀ ಹರಿಯುವ ಮುಚ್ಚಿದ ಕಪಾಟಿನೊಳಗೆ ಹೊಳಪಿನಿಂದ ಯಾರಿಗೆ ಏನು ಪ್ರಯೋಜನ? ದುಬಾರಿ ಎಂಬ ಒಂದೇ ಕಾರಣಕ್ಕೆ ಲೋಹವನ್ನು ‘ಉತ್ತಮ ದರ್ಜೆ’ ಎಂದು ಗ್ರಾಹಕರಿಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸಿ.

ನಿಮ್ಮ ತಂತ್ರಜ್ಞರು ತಾತ್ಕಾಲಿಕವೆಂದು ಸಿಕ್ಕಿಸಿ ಹೋದ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪನ್ನೂ ತೆಗೆಯಬೇಕು. ಅದರ ಮಡಿಕೆಗಳಲ್ಲಿ ಆಗಲೇ ಎಣ್ಣೆ ಜಿಡ್ಡು, ದೋಸೆ ಹಿಟ್ಟು ಕೂತಿದೆ. ನಮ್ಮಲ್ಲಿ ನೀರು ನೇರವಾಗಿ ಗೋಡೆಯೊಳಗಿನ ಕೊಳವೆಗೆ ಹೋಗುತ್ತದೆ, ನಡುವೆ ನಹಾನಿ ಟ್ರ್ಯಾಪ್ (ನೆಲದಲ್ಲಿ ಕೂರಿಸುವ, ಜಾಲರಿ ಮುಚ್ಚಿದ ಟ್ರ್ಯಾಪ್) ಇಲ್ಲ. ಸಿಂಕ್ ಕೆಳಗೆ ನೀರು ನಿಂತು ತಡೆಯದಿದ್ದರೆ ಚರಂಡಿಯ ಗಾಳಿ, ಜಿರಳೆ ಎರಡೂ ಅಡುಗೆಮನೆಗೇ ಬರುತ್ತವೆ.

ಆದ್ದರಿಂದ 40 ಮಿ.ಮೀ. ಅಳತೆಯ, ಒಳಗೋಡೆ ನುಣುಪಾಗಿರುವ, ಕನಿಷ್ಠ 50 ಮಿ.ಮೀ. ನೀರು ನಿಲ್ಲುವ ಪಾಲಿಪ್ರೊಪಿಲೀನ್ ಪಿ-ಟ್ರ್ಯಾಪನ್ನು (ಬಾಗಿದ ಕೊಳವೆಯ ಟ್ರ್ಯಾಪ್) ಹೊಸ ವಾಷರ್‌ಗಳೊಂದಿಗೆ ಜೋಡಿಸಿಕೊಡಿ. ಎಂ-ಸೀಲ್ ಮೆತ್ತಿ ಹೋಗುವುದು ಬೇಡ. ಕಪಾಟಿನ ತಳದ ಹಲಗೆ ಮತ್ತು ಬಾಗಿಲನ್ನು ನಿಮ್ಮ ಖರ್ಚಿನಲ್ಲಿ ಬದಲಿಸಿ, ಹಿತ್ತಾಳೆಯ ಹೆಸರಿನಲ್ಲಿ ಪಡೆದ ಹಣವನ್ನು ಹಿಂದಿರುಗಿಸಿ.

ಬಿಲ್ಲಿನ ಪ್ರತಿ ಮತ್ತು ಅಯಸ್ಕಾಂತ ಅಂಟಿರುವ ಫೋಟೋವನ್ನು ಲಗತ್ತಿಸಿದ್ದೇನೆ. ಬಿಚ್ಚಿದ ಟ್ರ್ಯಾಪ್ ನನ್ನ ಬಳಿಯೇ ಇದೆ. 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ