ಅದೇ ಹೆಸರಿನ ಇನ್ನೊಬ್ಬ

ಪ್ರೀತಿಯ ಗೆಳೆಯನಿಗೆ,

ನಿನ್ನ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಇದನ್ನು ಓದುತ್ತಿರುವ ಉಳಿದವರು ಕ್ಷಮಿಸಬೇಕು. ಆ ಹೆಸರು ನಿನ್ನೊಬ್ಬನದಲ್ಲ, ಮತ್ತು ಈ ಪತ್ರ ಹುಟ್ಟಿದ್ದೇ ಆ ಕಾರಣದಿಂದ. ಛತ್ರಿಯ ವಿಚಾರವನ್ನು ಕೊನೆಯಲ್ಲಿ ಎತ್ತುತ್ತೇನೆ, ಅವಸರ ಮಾಡಬೇಡ.

ಈ ಮಳೆಗಾಲದಲ್ಲಿ ಗ್ರೀಕ್ ಕವಿ ಹೋಮರನ ‘ಇಲಿಯಡ್’ ಎಂಬ ಟ್ರಾಯ್ ಯುದ್ಧದ ಕಾವ್ಯವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಈ ಸಲ ಗ್ರೀಕರ ವೀರ ಅಕಿಲೀಸ್, ಟ್ರಾಯ್ ಪಕ್ಷದ ವೀರ ಹೆಕ್ಟರ್ ಇವರ ಕಡೆಗೆ ನನ್ನ ಗಮನವಿಲ್ಲ. ಒಂದು ಸಾಲಿನಲ್ಲಿ ಬಂದು ಅದೇ ಸಾಲಿನಲ್ಲಿ ಸತ್ತುಹೋಗುವ ಸಣ್ಣವರ ಹೆಸರುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋಗುತ್ತಿದ್ದೇನೆ. 24 ಸಂಧಿಗಳ, 15,693 ಸಾಲುಗಳ ಆ ಕಾವ್ಯದಲ್ಲಿ ಹೀಗೆ ಗೆರೆ ಎಳೆದವನಿಗೆ ಬಹಳ ಬೇಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಒಮ್ಮೆ ಸತ್ತ ಹೆಸರು ಮತ್ತೆ ಸಾಯುತ್ತದೆ. ಹದಿನಾರನೆಯ ಸಂಧಿಯಲ್ಲಿ ಅಕಿಲೀಸನ ಗೆಳೆಯ ಪೆಟ್ರೋಕ್ಲಸ್ ಕೊಂದವರಲ್ಲಿ ಒಬ್ಬ ಎಕೆಕ್ಲಸ್, ಒಬ್ಬ ಮೂಲಿಯಸ್. ಇಪ್ಪತ್ತನೆಯ ಸಂಧಿಯಲ್ಲಿ ಅಕಿಲೀಸ್ ಕೊಲ್ಲುವವರಲ್ಲಿಯೂ ಒಬ್ಬ ಮೂಲಿಯಸ್, ಅವನ ಬೆನ್ನಿಗೇ ಒಬ್ಬ ಎಕೆಕ್ಲಸ್. ಫೋಸಿಸ್ ನಾಡಿನ ಸ್ಕೆಡಿಯಸ್ ಎಂಬ ನಾಯಕನನ್ನು ಹೆಕ್ಟರ್ ಎರಡು ಸಲ ಕೊಲ್ಲುತ್ತಾನೆ. ಮೊದಲನೆಯವನ ತಂದೆ ಪೆರಿಮಿಡೀಸ್, ಎರಡನೆಯವನ ತಂದೆ ಇಫಿಟಸ್ ಎಂಬುದರಿಂದ ಮಾತ್ರ ಅವರು ಇಬ್ಬರೆಂದು ತಿಳಿಯಬೇಕು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮ್ಮಿಬ್ಬರನ್ನು ಬೇರೆ ಮಾಡುತ್ತಿದ್ದುದು ಕೂಡ ತಂದೆಯ ಹೆಸರಿನ ಒಂದೇ ಅಕ್ಷರವಲ್ಲವೇ?

ಅಡ್ರಾಸ್ಟಸ್ ಎಂಬ ಹೆಸರು ನನ್ನನ್ನು ಹೆಚ್ಚು ಕಾಡಿತು. ಎರಡನೆಯ ಸಂಧಿಯಲ್ಲಿ ಅದು ಪರ್ಕೋಟೆ ಎಂಬ ಊರಿನ ಮೆರೊಪ್ಸ್ ಎಂಬ ಭವಿಷ್ಯ ಬಲ್ಲವನ ಮಗನ ಹೆಸರು. ಯುದ್ಧಕ್ಕೆ ಹೋಗಬೇಡಿರೆಂದು ತಂದೆ ಎಷ್ಟು ಹೇಳಿದರೂ ಕೇಳದೆ ಅವನೂ ಅವನ ಸೋದರನೂ ಟ್ರಾಯ್‌ಗೆ ನೆರವಾಗಲು ಹೊರಟರು. ಹನ್ನೊಂದನೆಯ ಸಂಧಿಯಲ್ಲಿ ಗ್ರೀಕ್ ವೀರ ಡಯೊಮಿಡೀಸನ ಕೈಯಲ್ಲಿ ಮೆರೊಪ್ಸನ ಮಕ್ಕಳಿಬ್ಬರೂ ಸಾಯುತ್ತಾರೆ, ಅಲ್ಲಿ ಅವರ ಹೆಸರನ್ನು ಹೇಳುವುದೂ ಇಲ್ಲ. ಅದಕ್ಕೂ ಮೊದಲೇ, ಆರನೆಯ ಸಂಧಿಯಲ್ಲಿ, ಬೇರೊಬ್ಬ ಅಡ್ರಾಸ್ಟಸನ ಕುದುರೆಗಳು ಬೆದರಿ ಪೊದೆಯ ಕೊಂಬೆಗೆ ಸಿಕ್ಕಿ, ರಥದ ಮೂಕಿಯನ್ನು ಮುರಿದುಕೊಂಡು ಓಡಿಹೋಗುತ್ತವೆ. ಅವನು ಚಕ್ರದ ಪಕ್ಕದಲ್ಲಿ ಬೋರಲಾಗಿ ಬೀಳುತ್ತಾನೆ. ಎದುರಿಗೆ ಬಂದ ಗ್ರೀಕ್ ದೊರೆ ಮೆನೆಲಾಸನ ಮೊಣಕಾಲು ಹಿಡಿದು, ನನ್ನನ್ನು ಜೀವಸಹಿತ ಸೆರೆಹಿಡಿ, ನನ್ನ ತಂದೆಯ ಮನೆಯಲ್ಲಿ ಕಂಚಿದೆ, ಚಿನ್ನವಿದೆ, ಕಬ್ಬಿಣವಿದೆ, ನಾನು ಬದುಕಿದ್ದೇನೆಂದು ತಿಳಿದರೆ ಅವನು ಎಷ್ಟು ಬೇಕಾದರೂ ಕೊಡುತ್ತಾನೆ ಎಂದು ಬೇಡುತ್ತಾನೆ. ಮೆನೆಲಾಸನ ಮನಸ್ಸು ಕರಗುತ್ತದೆ. ಅಷ್ಟರಲ್ಲಿ ಅವನ ಅಣ್ಣ ಅಗಮೆಮ್ನಾನ್ ಓಡಿಬಂದು, ತಾಯಿಯ ಗರ್ಭದಲ್ಲಿರುವ ಗಂಡುಕೂಸು ಕೂಡ ಉಳಿಯಬಾರದು ಎನ್ನುತ್ತಾನೆ; ಪಕ್ಕೆಗೆ ತಿವಿದು, ಎದೆಯ ಮೇಲೆ ಕಾಲಿಟ್ಟು ಈಟಿಯನ್ನು ಕಿತ್ತುಕೊಳ್ಳುತ್ತಾನೆ. ಇಷ್ಟೆಲ್ಲ ನಡೆದ ಮೇಲೆ ಹದಿನಾರನೆಯ ಸಂಧಿಯಲ್ಲಿ ಪೆಟ್ರೋಕ್ಲಸನ ಪಟ್ಟಿ ಆರಂಭವಾಗುವುದು ಮತ್ತೊಬ್ಬ ಅಡ್ರಾಸ್ಟಸನಿಂದ. ಅವನಿಗೆ ತಂದೆಯಿಲ್ಲ, ಊರಿಲ್ಲ, ಗಾಯವೂ ಇಲ್ಲ. ಹೆಸರು ಮಾತ್ರ ಇದೆ.

ಆ ಪಟ್ಟಿಯಲ್ಲಿ ಅವನ ಮುಂದಿನ ಸಾಲಿನಲ್ಲಿಯೇ ಒಬ್ಬ ಮೆಲನಿಪ್ಪಸ್ ಇದ್ದಾನೆ. ಈ ಎರಡು ಹೆಸರುಗಳು ಗ್ರೀಕರಿಗೆ ಹಳೆಯ ಹಗೆತನದ ಹೆಸರುಗಳು. ಆರ್ಗೋಸಿನ ದೊರೆ ಅಡ್ರಾಸ್ಟಸ್ ಏಳು ಮಂದಿ ನಾಯಕರೊಡನೆ ಥೀಬ್ಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಅವನ ಅಳಿಯ ಟಿಡಿಯಸನನ್ನು ಕೆಡವಿದವನು ಥೀಬ್ಸಿನ ಮೆಲನಿಪ್ಪಸ್. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಸಿಸಿಯಾನ್ ನಗರವನ್ನು ಆಳಿದ ಕ್ಲೈಸ್ತನೀಸನು ತನ್ನ ಊರಿನಲ್ಲಿದ್ದ ಅಡ್ರಾಸ್ಟಸನ ಆರಾಧನೆಯನ್ನು ತೊಲಗಿಸಲು ಥೀಬ್ಸಿನಿಂದ ಮೆಲನಿಪ್ಪಸನನ್ನು ತರಿಸಿ ಪ್ರತಿಷ್ಠಾಪಿಸಿದನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಶತ್ರುವಿನ ಶತ್ರು ಪಕ್ಕಕ್ಕೆ ಬಂದರೆ ಇವನು ತಾನಾಗಿ ಹೊರಡುತ್ತಾನೆಂಬ ಲೆಕ್ಕ. ಅಂಥ ಇಬ್ಬರ ಹೆಸರು ಹೊತ್ತ ಯಾರೋ ಇಬ್ಬರು ಹುಡುಗರು ಟ್ರಾಯ್‌ನ ಬಯಲಿನಲ್ಲಿ ಒಂದೇ ಪಕ್ಷದಲ್ಲಿ, ಒಬ್ಬನೇ ವೈರಿಯ ಕೈಯಲ್ಲಿ, ಒಂದೇ ಉಸಿರಿನಲ್ಲಿ ಸಾಯುತ್ತಾರೆ. ಕವಿಯ ನಾಲಿಗೆಗೆ ಒಂದು ಹೆಸರು ಬಂದಾಗ ಅದರ ಜೊತೆಗಾರ ತಾನೇ ಹಿಂಬಾಲಿಸಿರಬೇಕೆಂದು ನನಗೆ ಅನ್ನಿಸುತ್ತದೆ.

1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಯುಗೊಸ್ಲಾವಿಯದ ಹಳ್ಳಿಗಳಿಗೆ ಹೋಗಿ, ಸಾವಿರಾರು ಸಾಲುಗಳ ಕಾವ್ಯವನ್ನು ಹಾಡುತ್ತ ಹಾಡುತ್ತಲೇ ಕಟ್ಟುವವರ ಧ್ವನಿಯನ್ನು ಮುದ್ರಿಸಿಕೊಂಡ. ಹೋಮರನ ಕಾವ್ಯವೂ ಹೀಗೆ ಹಾಡುತ್ತ ಕಟ್ಟಿದ್ದೆಂಬ ಅವನ ಮಾತನ್ನು ಒಪ್ಪಿದರೆ ಈ ಮರುಕಳಿಸುವ ಹೆಸರುಗಳು ಅರ್ಥವಾಗುತ್ತವೆ: ಛಂದಸ್ಸಿಗೆ ಒಗ್ಗಿದ ಹೆಸರುಗಳ ಒಂದು ಬುತ್ತಿ ಹಾಡುಗಾರನ ಬಳಿ ಇರುತ್ತದೆ, ರಣರಂಗಕ್ಕೆ ಹೆಣಗಳು ಬೇಕಾದಾಗಲೆಲ್ಲ ಅವನು ಅದಕ್ಕೆ ಕೈ ಹಾಕುತ್ತಾನೆ. ಈ ವಿವರಣೆ ಸರಿಯೆಂದೇ ನಾನು ನಂಬಿದ್ದೇನೆ. ಆದರೂ ಪೈಲೆಮಿನೀಸನ ಮುಂದೆ ಅದು ನನಗೆ ಸಾಲದೆ ಹೋಯಿತು.

ಪೈಲೆಮಿನೀಸ್ ಟ್ರಾಯ್ ಪಕ್ಷದಲ್ಲಿದ್ದ ಪಾಫ್ಲಗೋನಿಯದ ಜನರ ದೊರೆ. ಐದನೆಯ ಸಂಧಿಯಲ್ಲಿ ಮೆನೆಲಾಸನ ಈಟಿ ಕೊರಳ ಕೀಲುಮೂಳೆಗೆ ನಾಟಿ ಅವನು ಸಾಯುತ್ತಾನೆ. ಹದಿಮೂರನೆಯ ಸಂಧಿಯಲ್ಲಿ ಅವನ ಮಗ ಹರ್ಪಾಲಿಯನ್ ಮೆರಿಯೊನೀಸನ ಬಾಣಕ್ಕೆ ಬಲಿಯಾಗುತ್ತಾನೆ. ಸಂಗಡಿಗರು ಅವನ ದೇಹವನ್ನು ರಥದಲ್ಲಿಟ್ಟು ಟ್ರಾಯ್ ಕಡೆಗೆ ಒಯ್ಯುತ್ತಾರೆ, ಅವರ ಜೊತೆಯಲ್ಲಿ ತಂದೆ ಕಣ್ಣೀರಿಡುತ್ತ ನಡೆಯುತ್ತಾನೆ, ಸತ್ತ ಮಗನಿಗೆ ಪ್ರತಿಯಾಗಿ ಅವನಿಗೆ ಏನೂ ದೊರೆಯಲಿಲ್ಲ ಎನ್ನುತ್ತಾನೆ ಕವಿ. ಎಂಟು ಸಂಧಿಗಳ ಹಿಂದೆಯೇ ಸತ್ತವನು ಅಳುವುದು ಹೇಗೆ? ಪ್ರಾಚೀನ ವ್ಯಾಖ್ಯಾನಗಳಲ್ಲಿ ಹಲವು ಪರಿಹಾರಗಳಿವೆ. ಸಾಲಿನೊಳಗೆ ‘ಇಲ್ಲ’ ಎಂಬ ಪದವನ್ನು ಸೇರಿಸಿ, ತಂದೆ ಅವರ ಜೊತೆ ನಡೆಯಲಿಲ್ಲ ಎಂದು ಓದಿಸುವುದು ಒಂದು. ಪೈಲೆಮಿನೀಸರು ಇಬ್ಬರಿದ್ದರು, ಸತ್ತವನು ಒಬ್ಬ, ಅತ್ತವನು ಇನ್ನೊಬ್ಬ ಎನ್ನುವುದು ಇನ್ನೊಂದು.

ಈ ‘ಇನ್ನೊಬ್ಬ’ ಎಂಬ ಮಾತನ್ನು ಓದಿ ನಾನು ಪುಸ್ತಕ ಮುಚ್ಚಿದೆ. ಕಾರಣವನ್ನು ನಿನಗೆ ಇದುವರೆಗೆ ಹೇಳಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿನ್ನ ಹೆಸರು, ಅದರ ಮುಂದೆ ‘ಇನ್ನಿಲ್ಲ’ ಎಂಬ ಮಾತು ಕಾಣಿಸಿತು. ನಿನಗೆ ಫೋನ್ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಇಪ್ಪತ್ತು ನಿಮಿಷ ನೀನಿಲ್ಲದ ಲೋಕದಲ್ಲಿ ಕುಳಿತಿದ್ದೆ. ಆಮೇಲೆ ಯಾರೋ ಬರೆದರು: ಅವನಲ್ಲ, ಬಿ ಸೆಕ್ಷನ್ನಿನವನು. ನಾನು ಗಟ್ಟಿಯಾಗಿ ‘ಸದ್ಯ!’ ಎಂದೆ. ಒಳಗಿನಿಂದ ಬಂದ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅಶ್ವತ್ಥಾಮ ಸತ್ತನೆಂಬ ಮಾತಿನ ಕೊನೆಯ ತುಂಡು ದ್ರೋಣನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಉಸಿರು ಹಿಂದಕ್ಕೆ ಬಂತು, ಕಾಫಿ ಕುಡಿದೆ. ಆದರೆ ನನ್ನ ಪಾಲಿನ ಆ ಇನ್ನೊಂದು ಆನೆಯಾಗಿರಲಿಲ್ಲ. ಎರಡು ವರ್ಷ ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಹುಡುಗ. ಅವನ ಮುಖವನ್ನು ನೆನಪಿಸಿಕೊಳ್ಳಲು ಆವತ್ತಿನಿಂದ ಪ್ರಯತ್ನಿಸುತ್ತಿದ್ದೇನೆ, ಬರುತ್ತಿಲ್ಲ. ತಿಂಗಳಿಗೊಮ್ಮೆ ಸೈಕಲ್ಲಿನ ಹಿಂದೆ ಅಕ್ಕಿಯ ಚೀಲ ಕಟ್ಟಿಕೊಂಡು ಬರುತ್ತಿದ್ದ ಅವನ ತಂದೆಯ ಮುಖ ಮಾತ್ರ ಚೆನ್ನಾಗಿ ನೆನಪಿದೆ. ಅವರು ಇನ್ನೂ ಇದ್ದಾರಂತೆ. ಗುಂಪಿನಲ್ಲಿ ನಾನು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದೆ. ಅವನು ನೀನಲ್ಲ ಎಂಬ ಸಂತೋಷ ನನ್ನಲ್ಲಿ ಇನ್ನೂ ಇದೆ, ಅದನ್ನು ಇಲ್ಲವೆನ್ನಲಾರೆ. ಆ ತಂದೆಯ ಎದುರು ನಿಂತರೆ ಅದು ನನ್ನ ಮುಖದಲ್ಲಿ ಕಂಡೀತೆಂಬ ಭಯದಿಂದ ಅವರ ಊರಿಗೆ ಹೋಗದೆ ಉಳಿದಿದ್ದೇನೆ.

ಇಬ್ಬರು ಪೈಲೆಮಿನೀಸರಿದ್ದರೆಂಬ ಮಾತು ನನಗೆ ಅದಕ್ಕಾಗಿಯೇ ಬೇಡ. ಕವಿ ಮರೆತಿದ್ದರೆ ಮರೆತಿರಲಿ. ಮಗನ ಹೆಣ ಹೊರಟಾಗ ಹಿಂದೆ ಒಬ್ಬ ತಂದೆ ಬೇಕಾಗಿತ್ತು, ಹಾಡುಗಾರ ಕರೆದ, ಸತ್ತಿದ್ದವನೇ ಎದ್ದು ಬಂದ.

ಇಷ್ಟು ಬರೆಯಬೇಕೆಂದಿರಲಿಲ್ಲ, ಮಳೆ ನಿಲ್ಲದ್ದರಿಂದ ಪತ್ರವೂ ನಿಲ್ಲಲಿಲ್ಲ. ಛತ್ರಿ ನಿನ್ನ ಬಳಿಯೇ ಇರಲಿ, ಮೇಷ್ಟ್ರು ಕೇಳಿದರೆ ಎಂದಿನ ಉತ್ತರ ಕೊಡು. ನನಗೆ ಬೇಕಾಗಿರುವುದು ಬೀಳ್ಕೊಡುಗೆಯ ದಿನ ತೆಗೆದ ಗುಂಪು ಫೋಟೋ, ನಿಮ್ಮ ಮನೆಯ ಗೋಡೆಯಲ್ಲಿ ಇರುವುದು. ಅದನ್ನು ಮೊಬೈಲಿನಲ್ಲಿ ಹಿಡಿದು ಕಳುಹಿಸು. ಹಿಂದಿನ ಸಾಲಿನಲ್ಲಿ ಬಲಗಡೆಯಿಂದ ಮೂರನೆಯವನು ಅವನಿರಬೇಕೆಂದು ನನ್ನ ಊಹೆ. ನಿನ್ನನ್ನು ಗುರುತಿಸುವುದು ಸುಲಭ, ಕಣ್ಣು ಮುಚ್ಚಿಕೊಂಡು ನಗುತ್ತಿರುವವನು ನೀನೇ.

ಇಂತಿ,
ನಿನ್ನ ಗೆಳೆಯ