ಒಪ್ಪಂದ ಸರ್ಕಾರಗಳದ್ದು, ಅಪಾಯ ನಿರಾಶ್ರಿತರಿಗೆ

ಸಂಪಾದಕರೇ,

ವಲಸಿಗರನ್ನ ವಾಪಸ್ ಕಳಿಸೋಕೆ ದೇಶಗಳು ಮಾಡ್ಕೊಳ್ಳೋ ಒಪ್ಪಂದಗಳಲ್ಲಿ ನಿರಾಶ್ರಿತರ ಮಾತು ಕೇಳೋರೇ ಇಲ್ಲ. ಜೀವಕ್ಕೆ ಅಪಾಯ ಇರೋ ಕಡೆಗೆ ನಿರಾಶ್ರಿತರನ್ನ ತಳ್ಳೋ ಹಾಗಿಲ್ಲ ಅಂತ ನಿರಾಶ್ರಿತರ ರಕ್ಷಣೆಗೆ ವಿಶ್ವಸಂಸ್ಥೆ ಮಾಡಿದ 1951ರ ಕನ್ವೆನ್ಷನ್ನಿನ 33ನೇ ವಿಧಿ ಹೇಳುತ್ತೆ, ಆದ್ರೆ 2016ರ ಮಾರ್ಚಲ್ಲಿ ಯುರೋಪಿಯನ್ ಯೂನಿಯನ್ ಟರ್ಕಿ ಜೊತೆ ಡೀಲ್ ಮಾಡ್ಕೊಂಡು ಗ್ರೀಸ್ ದ್ವೀಪಗಳಿಗೆ ಬಂದೋರನ್ನ ಟರ್ಕಿಗೆ ವಾಪಸ್ ಕಳಿಸೋಕೆ ಶುರು ಮಾಡ್ತು, ಆ ಟರ್ಕಿನೋ ಯುರೋಪಿನಿಂದ ಬಂದೋರನ್ನ ಬಿಟ್ರೆ ಬೇರೆಯವರಿಗೆ ಪೂರ್ತಿ ನಿರಾಶ್ರಿತ ಸ್ಥಾನಮಾನನೇ ಕೊಡಲ್ಲ! ಸಿರಿಯಾದೋರು, ಆಫ್ಘನ್ನರು ಎಲ್ಲಿಗೆ ಹೋಗ್ಬೇಕು?

ಇಟಲಿ ಸಮುದ್ರದಲ್ಲೇ ಜನರನ್ನ ತಡೆದು ಲಿಬಿಯಾಕ್ಕೆ ವಾಪಸ್ ಬಿಟ್ಟಿದ್ದು ತಪ್ಪು, ಒಪ್ಪಂದ ಇದೆ ಅಂತ ಜವಾಬ್ದಾರಿ ತಪ್ಪಿಸ್ಕೊಳ್ಳೋಕಾಗಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ಕೋರ್ಟ್ 2012ರಲ್ಲೇ ಹೇಳಿದೆ. ಆದ್ರೂ 2017ರಲ್ಲಿ ಮತ್ತೆ ಲಿಬಿಯಾ ಜೊತೆನೇ ಇಟಲಿ ಒಪ್ಪಂದ ಮಾಡ್ಕೊಳ್ತು, ನಂಗಂತೂ ಇದು ಸಹಿಸೋಕಾಗಲ್ಲ. ಒಪ್ಪಂದ ಯಾವ್ದೇ ಇರ್ಲಿ, ಒಬ್ಬೊಬ್ಬರ ಅರ್ಜಿನೂ ಬೇರೆ ಬೇರೆಯಾಗಿ ಕೇಳ್ಬೇಕು, ವಕೀಲರ ನೆರವು ಸಿಗ್ಬೇಕು, ಅಪೀಲ್ ಮುಗಿಯೋವರೆಗೂ ಯಾರನ್ನೂ ಕಳಿಸಬಾರದು.

– ಒಬ್ಬ ಓದುಗ